ಅಳಗುಳಿ ಮಣೆ ಆಟದಲ್ಲಿ ಕಾಳಿನ ನಿರ್ವಹಣೆ

ಅಳಗುಳಿ ಮಣೆಯು ಕರ್ನಾಟಕದ ಸಾಂಪ್ರದಾಯಿಕ ಒಳಾಂಗಣ ಆಟಗಳಲ್ಲಿ ಒಂದು. ಇದನ್ನು ಅಳಿಗುಳಿ ಮಣೆ ಎಂದೂ, ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಭಾಗಗಳಲ್ಲಿ ಚೆನ್ನೆಮಣೆ ಎಂದೂ ಕರೆಯುತ್ತಾರೆ. ಇಬ್ಬರು ಆಟಗಾರರು ಸರದಿಯಂತೆ ಗುಳಿಗಳಲ್ಲಿನ ಕಾಳುಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವುದು ಇದರ ಮೂಲ ಕ್ರಮ. ದಾಳ ಅಥವಾ ಕವಡೆ ಎಸೆದು ಅಂಕಿ ನಿರ್ಧರಿಸುವ ಪದ್ಧತಿ ಇಲ್ಲದಿರುವುದರಿಂದ ಇದರಲ್ಲಿ ಅದೃಷ್ಟದ ಪಾಲಿಲ್ಲ. ಚೌಕಾಬಾರ, ಪಗಡೆಗಳಿಂದ ಅಳಗುಳಿ ಮಣೆ ಬೇರೆಯಾಗುವುದು ಇಲ್ಲಿಯೇ. ಸೋಲು ಗೆಲುವುಗಳು ಕಾಳುಗಳನ್ನು ಹೇಗೆ ಕೂಡಿಸಿ, ಖರ್ಚು ಮಾಡಿ, ಕಾಪಾಡಿಕೊಳ್ಳಲಾಗುತ್ತದೆ ಎಂಬುದನ್ನೇ ಅವಲಂಬಿಸಿವೆ. ಹೊಸದಾಗಿ ಕಲಿಯುವವರಿಗೆ ಈ ನಿರ್ವಹಣೆಯ ಮುಖ್ಯ ಅಂಶಗಳನ್ನು ಈ ಲೇಖನ ವಿವರಿಸುತ್ತದೆ.

ಮಣೆ ಮತ್ತು ಕಾಳು

ಮಣೆಯು ಸಾಮಾನ್ಯವಾಗಿ ಮರದ್ದು. ಎರಡು ಸಾಲುಗಳಲ್ಲಿ ಏಳೇಳರಂತೆ 14 ಗುಳಿಗಳಿರುತ್ತವೆ. ಗೆದ್ದ ಕಾಳುಗಳನ್ನು ಇಡಲು ಕೆಲವು ಮಣೆಗಳ ಎರಡು ತುದಿಗಳಲ್ಲಿ ದೊಡ್ಡ ಗುಳಿಗಳೂ ಇರುತ್ತವೆ. ಮಡಚಿ ಪೆಟ್ಟಿಗೆಯಂತೆ ಮುಚ್ಚಬಹುದಾದ ಮಣೆಗಳೂ ಇವೆ. ಹುಣಸೆ ಬೀಜ, ಗಜ್ಜುಗ, ಗುಲಗಂಜಿ, ಮಂಜೊಟ್ಟಿ, ಕವಡೆ ಮುಂತಾದವುಗಳನ್ನು ಕಾಳುಗಳಾಗಿ ಬಳಸುತ್ತಾರೆ. ತೊಗರಿ, ಕಡಲೆಯಂಥ ಸಣ್ಣ ಕಾಳುಗಳಿಂದ ಆಡಲು ಅಡ್ಡಿಯಿಲ್ಲ, ಆದರೆ ಗುಳಿಯಲ್ಲಿ ಎಷ್ಟಿವೆ ಎಂಬುದನ್ನು ಒಂದೇ ನೋಟಕ್ಕೆ ಎಣಿಸುವುದು ಕಷ್ಟವಾಗುತ್ತದೆ. ಈ ಆಟದಲ್ಲಿ ಎಣಿಕೆಯೇ ಬಂಡವಾಳವಾದುದರಿಂದ ಹುಣಸೆ ಬೀಜದಷ್ಟು ದಪ್ಪದ ಕಾಳು ಕಲಿಯುವವರಿಗೆ ಅನುಕೂಲ. ಮಣೆ ಇಲ್ಲದಿದ್ದರೆ ಮಣ್ಣಿನ ನೆಲದಲ್ಲಿ ಗುಳಿ ತೋಡಿ, ಅಥವಾ ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಸೀಮೆಸುಣ್ಣದಿಂದ 14 ಮನೆಗಳನ್ನು ಬರೆದು ಆಡಬಹುದು. ಹಂಪಿಯ ಕಲ್ಲುಹಾಸುಗಳ ಮೇಲೆ ಕೆತ್ತಿದ ಆಟದ ಮಣೆಗಳನ್ನು ಇಂದಿಗೂ ಕಾಣಬಹುದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಇಂತಹ ಆಟದ ಮಣೆಗಳನ್ನು ಮತ್ತೆ ಬಳಕೆಗೆ ತರಲು ಯತ್ನಿಸಿದೆ.

ಆಟದ ಕ್ರಮ

ನಿಯಮಗಳು ಊರಿಂದ ಊರಿಗೆ, ಕೆಲವೊಮ್ಮೆ ಮನೆಯಿಂದ ಮನೆಗೆ ಬದಲಾಗುತ್ತವೆ. ಗುಳಿಗೆ ನಾಲ್ಕು ಕಾಳು ಇಡುವ ಪದ್ಧತಿಯೂ ಐದು ಇಡುವ ಪದ್ಧತಿಯೂ ರೂಢಿಯಲ್ಲಿವೆ. ಈ ಲೇಖನದ ಲೆಕ್ಕಗಳೆಲ್ಲ ಐದು ಕಾಳಿನ, ಅಂದರೆ ಒಟ್ಟು 70 ಕಾಳಿನ ಆಟಕ್ಕೆ ಸಂಬಂಧಿಸಿವೆ.

ಆಟಗಾರನು ತನ್ನ ಸಾಲಿನ ಯಾವುದಾದರೂ ಒಂದು ಗುಳಿಯ ಕಾಳುಗಳನ್ನೆಲ್ಲ ಎತ್ತಿಕೊಂಡು ಬಲಕ್ಕೆ ಒಂದೊಂದಾಗಿ ಹಾಕುತ್ತಾ ಹೋಗುತ್ತಾನೆ. ತನ್ನ ಸಾಲು ಮುಗಿದರೆ ಎದುರಾಳಿಯ ಸಾಲಿನಲ್ಲಿ ಮುಂದುವರಿಯುತ್ತಾನೆ. ಕೈಯಲ್ಲಿದ್ದ ಕೊನೆಯ ಕಾಳು ಬಿದ್ದ ನಂತರ ಅದರ ಮುಂದಿನ ಗುಳಿಯನ್ನು ನೋಡಬೇಕು. ಅಲ್ಲಿ ಕಾಳುಗಳಿದ್ದರೆ ಅವನ್ನು ಎತ್ತಿಕೊಂಡು ಮತ್ತೆ ಹಾಕುತ್ತಾ ಸಾಗಬೇಕು. ಮುಂದಿನ ಗುಳಿ ಖಾಲಿಯಾಗಿದ್ದರೆ ಅದರ ಆಚೆಯ ಗುಳಿಯಲ್ಲಿರುವ ಕಾಳುಗಳೆಲ್ಲ ಆಟಗಾರನ ಗಳಿಕೆಯಾಗುತ್ತವೆ ಮತ್ತು ಸರದಿ ಮುಗಿಯುತ್ತದೆ. ಸಾಲಾಗಿ ಎರಡು ಗುಳಿಗಳು ಖಾಲಿ ಇದ್ದರೆ ಏನೂ ದೊರೆಯದೆ ಸರದಿ ಎದುರಾಳಿಗೆ ಹೋಗುತ್ತದೆ. ಗಳಿಸಿದ ಗುಳಿಯ ಎದುರಿನ ಗುಳಿಯನ್ನೂ ಬಾಚಿಕೊಳ್ಳುವ ಪದ್ಧತಿ ಕೆಲವೆಡೆ ಇದೆ. ತನ್ನ ಸರದಿ ಬಂದಾಗ ಆಟಗಾರನ ಸಾಲಿನಲ್ಲಿ ಒಂದು ಕಾಳೂ ಇಲ್ಲದಿದ್ದರೆ ಆ ಸುತ್ತು ಮುಗಿಯುತ್ತದೆ. ಮಣೆಯಲ್ಲಿ ಉಳಿದ ಕಾಳುಗಳು ಸಾಮಾನ್ಯವಾಗಿ ಅವು ಯಾರ ಸಾಲಿನಲ್ಲಿವೆಯೋ ಅವರಿಗೆ ಸೇರುತ್ತವೆ.

ಮುಚ್ಚಿದ ಅರ್ಥವ್ಯವಸ್ಥೆ

ಗಣಕಯಂತ್ರದಲ್ಲಿ ಆಡುವ ಸರದಿ ಆಧಾರಿತ ತಂತ್ರದ ಆಟಗಳಲ್ಲಿ, ಉದಾಹರಣೆಗೆ 1991ರಲ್ಲಿ ಬಿಡುಗಡೆಯಾದ ಸಿಡ್ ಮೇಯರ್ ಅವರ ‘ಸಿವಿಲೈಸೇಶನ್’ನಲ್ಲಿ, ಪ್ರತಿ ಸರದಿಗೂ ಹೊಸ ಧಾನ್ಯ, ಹೊಸ ಹಣ ಉತ್ಪತ್ತಿಯಾಗುತ್ತದೆ. ಅಲ್ಲಿ ಆರಂಭಿಕರಿಗೆ ನೀಡುವ ಮೊದಲ ಸಲಹೆ, ಬೇಗ ವಿಸ್ತರಿಸಿ ಆದಾಯ ಹೆಚ್ಚಿಸಿಕೊಳ್ಳಬೇಕು ಎಂಬುದು. ಅಳಗುಳಿ ಮಣೆಯಲ್ಲಿ ಆ ಸಲಹೆ ನಡೆಯುವುದಿಲ್ಲ. ಇಲ್ಲಿ ಕಾಳು ಹುಟ್ಟುವುದಿಲ್ಲ, ಸಾಯುವುದೂ ಇಲ್ಲ. ಮೊದಲಿಗೆ ಇದ್ದ 70 ಕಾಳುಗಳೇ ಕೊನೆಗೂ ಇರುತ್ತವೆ. ಅವು ಇರುವ ಜಾಗ ಮಾತ್ರ ಬದಲಾಗುತ್ತದೆ. ಒಬ್ಬರಿಗೆ 36 ದಾಟಿದರೆ ಇನ್ನೊಬ್ಬರಿಗೆ 34 ಮೀರುವಂತಿಲ್ಲ.

ತನ್ನ ಸಾಲಿನಲ್ಲಿರುವ ಕಾಳುಗಳೆಲ್ಲ ತನ್ನವು ಎಂದು ಭಾವಿಸುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಸಾಲಿನಲ್ಲಿರುವುದು ಹೊಲದಲ್ಲಿ ನಿಂತ ಬೆಳೆ ಇದ್ದಂತೆ. ಕಲಬುರಗಿ, ವಿಜಯಪುರದ ಕಡೆಯ ಜೋಳದ ಸೀಮೆಯಲ್ಲಿ ರಾಶಿ ಮುಗಿದ ಮೇಲೆ ಧಾನ್ಯವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಮುಚ್ಚುತ್ತಿದ್ದರು. ಆಟದಲ್ಲಿ ಹಗೇವಿನ ಸ್ಥಾನ ಗಳಿಕೆಯ ಗುಳಿಗೆ ಮಾತ್ರ ಇದೆ. ಅದನ್ನು ಸೇರುವವರೆಗೆ ಯಾವ ಕಾಳೂ ಯಾರದ್ದೂ ಅಲ್ಲ.

ಮೊದಲ ಸರದಿ

ಆಟದ ಆರಂಭದಲ್ಲಿ ಎಲ್ಲ ಗುಳಿಗಳಲ್ಲೂ ಐದೈದು ಕಾಳುಗಳಿರುವುದರಿಂದ ಯಾವ ಗುಳಿಯಿಂದ ಹೊರಟರೂ ನಡಿಗೆ ಒಂದೇ ಬಗೆಯಾಗಿರುತ್ತದೆ. ಆಟಗಾರನ ಸಾಲನ್ನು ಎಡದಿಂದ ಬಲಕ್ಕೆ 1ರಿಂದ 7, ಎದುರಾಳಿಯ ಸಾಲನ್ನು ಅದೇ ಸುತ್ತಿನ ಮುಂದುವರಿಕೆಯಾಗಿ 8ರಿಂದ 14 ಎಂದು ಗುರುತಿಸಿಕೊಂಡರೆ, 1ನೆಯ ಗುಳಿಯಿಂದ ಹೊರಟ ಆಟಗಾರನ ಐದು ಕಾಳುಗಳು 6ನೆಯ ಗುಳಿಯಲ್ಲಿ ಮುಗಿಯುತ್ತವೆ. 7ನೆಯದನ್ನು ಎತ್ತಿದರೆ 12ರಲ್ಲಿ, 13ನೆಯದನ್ನು ಎತ್ತಿದರೆ 4ರಲ್ಲಿ ಮುಗಿಯುತ್ತದೆ. ಈ ವೇಳೆಗೆ 5ನೆಯ ಗುಳಿಯಲ್ಲಿ ಆರು ಕಾಳುಗಳಿದ್ದು, ಅವು 11ರವರೆಗೆ ಹೋಗುತ್ತವೆ. 12ನೆಯ ಗುಳಿಯ ಆರು ಕಾಳುಗಳು ಮತ್ತೆ 4ರಲ್ಲಿ ಮುಗಿಯುತ್ತವೆ. 5ನೆಯ ಗುಳಿ ಈಗ ಖಾಲಿ. ಅದರಾಚೆಯ 6ನೆಯ ಗುಳಿಯಲ್ಲಿರುವ ಏಳು ಕಾಳುಗಳು ಗಳಿಕೆಯಾಗುತ್ತವೆ.

ಯಾವ ಗುಳಿಯಿಂದ ಆರಂಭಿಸಿದರೂ ಮೊದಲ ಸರದಿಯ ಗಳಿಕೆ ಏಳೇ. ಹಾಗಾದರೆ ಮೊದಲ ಆಯ್ಕೆಗೆ ಅರ್ಥವಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ವ್ಯತ್ಯಾಸ ಇರುವುದು ಎದುರಾಳಿಗೆ ಬಿಟ್ಟುಕೊಡುವ ಮಣೆಯಲ್ಲಿ. 1ನೆಯ ಗುಳಿಯಿಂದ ಹೊರಟರೆ ತನ್ನ ಸಾಲಿನಲ್ಲಿ 27, ಎದುರಾಳಿಯ ಸಾಲಿನಲ್ಲಿ 36 ಕಾಳುಗಳು ಉಳಿಯುತ್ತವೆ. 3 ಅಥವಾ 4ನೆಯ ಗುಳಿಯಿಂದ ಹೊರಟರೆ ತನ್ನ ಸಾಲಿನಲ್ಲಿ 34, ಎದುರು ಸಾಲಿನಲ್ಲಿ 29 ಉಳಿಯುತ್ತವೆ. ಮೇಲುನೋಟಕ್ಕೆ ನಡುವಿನ ಗುಳಿಗಳೇ ಲಾಭಕರ. ಆದರೆ ಎದುರಾಳಿಯ ಉತ್ತರವನ್ನು ಲೆಕ್ಕ ಹಾಕಿದಾಗ ಚಿತ್ರ ಬದಲಾಗುತ್ತದೆ. 2ರಿಂದ 7ರವರೆಗಿನ ಯಾವ ಗುಳಿಯಿಂದ ಆರಂಭಿಸಿದರೂ ಎದುರಾಳಿಗೆ ಒಂದೇ ಸರದಿಯಲ್ಲಿ 11 ಕಾಳು ಗಳಿಸುವ ಅವಕಾಶ ದೊರೆಯುತ್ತದೆ. 1ನೆಯ ಗುಳಿಯಿಂದ ಆರಂಭಿಸಿದರೆ ಮಾತ್ರ ಅವನ ಅತಿ ಹೆಚ್ಚಿನ ಗಳಿಕೆ 10ಕ್ಕೆ ನಿಲ್ಲುತ್ತದೆ. ಏಕೆಂದರೆ ಆ 11ನ್ನು ತರುವ ಗುಳಿ ಆಗ ಆರಂಭಿಸಿದವನ ಸಾಲಿನಲ್ಲೇ, 7ನೆಯದಾಗಿ, ಉಳಿದಿರುತ್ತದೆ. ಎರಡನೆಯ ಆಟಗಾರನಿಗೆ ಈ ಘಟ್ಟದಲ್ಲಿ ಮೇಲುಗೈ ಇದೆ ಎಂಬುದೂ ಇದರಿಂದ ತಿಳಿಯುತ್ತದೆ.

ಸಣ್ಣ ಗುಳಿಯ ಬೆಲೆ

ಮೇಲಿನ ಉದಾಹರಣೆಯಲ್ಲಿ 11 ಕಾಳುಗಳನ್ನು ತರುವ ಗುಳಿಯಲ್ಲಿ ಇರುವುದು ಒಂದೇ ಕಾಳು. 1ನೆಯ ಗುಳಿಯಿಂದ ಆರಂಭಿಸಿದ ನಂತರ ಮಣೆಯ ಸ್ಥಿತಿ ಹೀಗಿರುತ್ತದೆ: ಆಟಗಾರನ ಸಾಲಿನಲ್ಲಿ ಕ್ರಮವಾಗಿ 2, 8, 8, 8, 0, 0, 1 ಮತ್ತು ಎದುರಾಳಿಯ ಸಾಲಿನಲ್ಲಿ 7, 7, 7, 7, 0, 1, 7. ಈ ಸ್ಥಿತಿಯಿಂದ ಪ್ರತಿಯೊಂದು ಗುಳಿಯನ್ನೂ ಆಡಿ ನೋಡಿದರೆ, ಒಂದು ಕಾಳಿನ ಎರಡು ಗುಳಿಗಳು 11 ಮತ್ತು 8 ಕಾಳುಗಳನ್ನೂ, ಎರಡು ಕಾಳಿನ ಗುಳಿ 9 ಕಾಳುಗಳನ್ನೂ ಗಳಿಸಿಕೊಡುತ್ತವೆ. ಎಂಟು ಕಾಳಿನ ಮೂರು ಗುಳಿಗಳಿಂದ ದೊರೆಯುವುದು ಕ್ರಮವಾಗಿ 2, 1 ಮತ್ತು 1. ಏಳು ಕಾಳಿನ ಐದು ಗುಳಿಗಳಲ್ಲಿ ಕೊನೆಯದು 10 ತಂದುಕೊಟ್ಟರೆ ಉಳಿದವು 3, 1, 3 ಮತ್ತು 0ಕ್ಕೆ ತೃಪ್ತಿಪಡುತ್ತವೆ.

ಇದು ಒಂದು ಸ್ಥಿತಿಯ ಲೆಕ್ಕವೇ ಹೊರತು ಸಾರ್ವತ್ರಿಕ ನಿಯಮವಲ್ಲ. ಆದರೂ ತುಂಬಿದ ಗುಳಿಯನ್ನೇ ಎತ್ತಬೇಕೆಂಬ ಹೊಸಬರ ಒಲವು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಇದು ಸಾಕಷ್ಟು ಸಾಕ್ಷ್ಯ. ಸಣ್ಣ ಗುಳಿಯಿಂದ ಹೊರಟವನು ಮೊದಲ ಹೆಜ್ಜೆಯಲ್ಲಿ ತನ್ನ ಕಾಳನ್ನು ಹೆಚ್ಚು ಚದುರಿಸುವುದಿಲ್ಲ, ಮುಂದಿನ ಗುಳಿಯ ಕಾಳುಗಳನ್ನು ಬಂಡವಾಳವಾಗಿ ಬಳಸಿಕೊಳ್ಳುತ್ತಾನೆ. ದೊಡ್ಡ ಗುಳಿಯನ್ನು ಒಮ್ಮೆ ಖಾಲಿ ಮಾಡಿದರೆ ಅದರ ಬಹುಪಾಲು ಎದುರಾಳಿಯ ಸಾಲಿಗೆ ಹರಿದುಹೋಗುತ್ತದೆ.

ಮನಸ್ಸಿನಲ್ಲೇ ಲೆಕ್ಕ ಹಾಕಲು ಒಂದು ಸುಲಭ ಸೂತ್ರವಿದೆ. ಗುಳಿಯಲ್ಲಿ ಎಷ್ಟು ಕಾಳುಗಳಿವೆಯೋ ಅದಕ್ಕೆ ಒಂದನ್ನು ಕೂಡಿಸಿ ಅಷ್ಟು ಮನೆ ಮುಂದೆ ಎಣಿಸಿದರೆ, ಮೊದಲ ಹಾಕುವಿಕೆ ಮುಗಿದಾಗ ನೋಡಬೇಕಾದ ಗುಳಿ ಸಿಗುತ್ತದೆ. ಅದು ಖಾಲಿ ಇದ್ದು ಅದರಾಚೆ ಕಾಳುಗಳಿದ್ದರೆ ಗಳಿಕೆ ತಕ್ಷಣವೇ ಖಚಿತ. ಆರಂಭಿಕರು ಪ್ರತಿ ಸರದಿಗೂ ತಮ್ಮ ಏಳು ಗುಳಿಗಳಿಗೆ ಈ ಒಂದು ಹೆಜ್ಜೆಯ ಲೆಕ್ಕವನ್ನಾದರೂ ಹಾಕಬೇಕು. ಎರಡು, ಮೂರು ಹೆಜ್ಜೆಗಳ ಲೆಕ್ಕ ರೂಢಿಯಿಂದ ಬರುತ್ತದೆ.

ಖಾಲಿ ಗುಳಿಗಳು

ಗಳಿಕೆಯಾಗಬೇಕಾದರೆ ತುಂಬಿದ ಗುಳಿಯ ಹಿಂದೆ ಖಾಲಿ ಗುಳಿ ಇರಲೇಬೇಕು. ಆದ್ದರಿಂದ ಖಾಲಿ ಗುಳಿಯು ಬಡತನದ ಗುರುತಲ್ಲ, ಅದು ಒಡ್ಡಿದ ಬಲೆ. ಸರದಿ ಆರಂಭಿಸಿದಾಗ ಆಟಗಾರನು ಎತ್ತುವ ಗುಳಿಯೂ ಖಾಲಿಯಾಗುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಮೇಲೆ ಹೇಳಿದ 8 ಮತ್ತು 9ರ ಗಳಿಕೆಗಳೆರಡೂ ಹಾಗೆಯೇ ಬಂದವು. ಆಟಗಾರನು ಮಣೆಯನ್ನು ಸುತ್ತಿ ಬಂದು, ತಾನು ಹೊರಟ ಗುಳಿಯನ್ನೇ ಖಾಲಿ ಕಂಡು, ಅದರಾಚೆಯದನ್ನು ಬಾಚಿಕೊಳ್ಳುತ್ತಾನೆ. 13 ಕಾಳುಗಳು ಕೂಡಿದ ಗುಳಿಯಿಂದ ಹೊರಟರೆ ಇದು ತಪ್ಪದೆ ನಡೆಯುತ್ತದೆ. ಉಳಿದ 13 ಗುಳಿಗಳಿಗೂ ಒಂದೊಂದು ಕಾಳು ಬಿದ್ದು, ಹೊರಟ ಗುಳಿ ಖಾಲಿ ಉಳಿದು, ಅದರ ಬಲಗಡೆಯ ಗುಳಿ ಗಳಿಕೆಯಾಗುತ್ತದೆ. ದೊಡ್ಡ ಗುಳಿಯನ್ನು ಬೆಳೆಸುವುದಕ್ಕೆ ಅರ್ಥ ಬರುವ ಸಂದರ್ಭಗಳಲ್ಲಿ ಇದೊಂದು.

ಆದರೆ ಕೂಡಿಡುವುದರಲ್ಲಿ ಅಪಾಯವೂ ಇದೆ. ಮೇಲಿನ ಉದಾಹರಣೆಯಲ್ಲಿ ಎದುರಾಳಿಯು 14ನೆಯ ಗುಳಿಯಿಂದ ಹೊರಟು ಗಳಿಸುವ 10 ಕಾಳುಗಳು ಬರುವುದು ಆಟಗಾರನ 3ನೆಯ ಗುಳಿಯಿಂದ. ಅಲ್ಲಿ ಎಂಟು ಕಾಳುಗಳಿದ್ದವು. ಎದುರಾಳಿ ತನ್ನ ನಡಿಗೆಯಲ್ಲಿ ಅದಕ್ಕೆ ಎರಡನ್ನು ಸೇರಿಸಿ, ಅದರ ಹಿಂದಿನ 2ನೆಯ ಗುಳಿಯನ್ನು ಬರಿದುಮಾಡಿ, ಹತ್ತನ್ನೂ ಕೊಂಡೊಯ್ಯುತ್ತಾನೆ. ತನ್ನ ತುಂಬಿದ ಗುಳಿಯ ಹಿಂದಿನ ಗುಳಿ ಖಾಲಿಯಾಗಿದ್ದರೆ ಅಲ್ಲಿಗೆ ಒಂದು ಕಾಳನ್ನಾದರೂ ತಲುಪಿಸುವುದು, ಅದು ಸಾಧ್ಯವಾಗದಿದ್ದರೆ ತುಂಬಿದ ಗುಳಿಯನ್ನೇ ಎತ್ತಿಬಿಡುವುದು ರಕ್ಷಣೆಯ ಸಾಮಾನ್ಯ ಮಾರ್ಗಗಳು. ಸಾಲಾಗಿ ಇರುವ ಎರಡು ಖಾಲಿ ಗುಳಿಗಳು ಇನ್ನೊಂದು ಬಗೆಯ ರಕ್ಷಣೆ. ಅವುಗಳ ಮುಂದೆ ಬಂದು ಮುಗಿದ ನಡಿಗೆ ಬರಿಗೈಯಲ್ಲಿ ನಿಲ್ಲುತ್ತದೆ. 11ನೆಯ ಗುಳಿಯಿಂದ ಹೊರಟ ಎದುರಾಳಿಗೆ ಏನೂ ದೊರೆಯದಿರುವುದು ಈ ಕಾರಣದಿಂದಲೇ.

ನಾಲ್ಕರ ನಿಯಮ

ಕೆಲವು ಪದ್ಧತಿಗಳಲ್ಲಿ ಆಟದ ನಡುವೆ ಒಂದು ಗುಳಿಯಲ್ಲಿ ಕಾಳುಗಳು ಬೆಳೆಯುತ್ತಾ ಸರಿಯಾಗಿ ನಾಲ್ಕಾದಾಗ, ಆ ಗುಳಿ ಯಾರ ಸಾಲಿನಲ್ಲಿದೆಯೋ ಅವರು ಅವನ್ನು ತಕ್ಷಣ ಎತ್ತಿಕೊಳ್ಳುತ್ತಾರೆ. ತಮಿಳುನಾಡಿನ ಪಲ್ಲಾಂಗುಳಿಯಲ್ಲಿ ಇಂತಹ ನಾಲ್ಕರ ಗುಂಪಿಗೆ ‘ಪಸು’, ಅಂದರೆ ಹಸು, ಎಂಬ ಹೆಸರಿದೆ. ಈ ನಿಯಮವಿದ್ದಾಗ ಆಟದ ಆದಾಯದ ಸ್ವರೂಪವೇ ಬದಲಾಗುತ್ತದೆ. ತನ್ನ ಸರದಿ ಇಲ್ಲದಿದ್ದಾಗಲೂ ಆಟಗಾರನಿಗೆ ಗಳಿಕೆಯಾಗಬಹುದು, ಮತ್ತು ಉದ್ದನೆಯ ನಡಿಗೆಯು ಎದುರಾಳಿಗೆ ಕೊಡುಗೆಯಾಗಿ ಪರಿಣಮಿಸಬಹುದು. ಎದುರು ಸಾಲಿನಲ್ಲಿ ಮೂರು ಕಾಳಿನ ಗುಳಿಗಳು ಹೆಚ್ಚಿದ್ದಾಗ ಅವುಗಳ ಮೇಲೆ ಹಾದುಹೋಗುವ ಪ್ರತಿ ಕಾಳೂ ಅವನಿಗೆ ನಾಲ್ಕನ್ನು ತಂದುಕೊಡುತ್ತದೆ. ಆಗ ಚಿಕ್ಕ ನಡಿಗೆಯೇ ಲೇಸು. ಮೇಲೆ ವಿವರಿಸಿದ ಮೊದಲ ಸರದಿಯಲ್ಲಿ ಯಾವ ಗುಳಿಯೂ ಸರಿಯಾಗಿ ನಾಲ್ಕಕ್ಕೆ ಬಂದು ನಿಲ್ಲುವುದಿಲ್ಲವಾದ್ದರಿಂದ ಆ ಲೆಕ್ಕಕ್ಕೆ ಈ ನಿಯಮ ಬಾಧಕವಲ್ಲ. ನಂತರದ ಸರದಿಗಳಿಗೆ ಹೀಗೆ ಹೇಳಲಾಗದು.

ಎರಡನೆಯ ಸುತ್ತು ಮತ್ತು ಮುಚ್ಚಿದ ಗುಳಿಗಳು

ಅಳಗುಳಿ ಮಣೆ ಒಂದೇ ಸುತ್ತಿಗೆ ಮುಗಿಯುವ ಆಟವಲ್ಲ. ಮೊದಲ ಸುತ್ತಿನ ಗಳಿಕೆಯಿಂದ ಇಬ್ಬರೂ ತಮ್ಮ ತಮ್ಮ ಗುಳಿಗಳನ್ನು ಮತ್ತೆ ಐದೈದರಂತೆ ತುಂಬಬೇಕು. ಏಳು ಗುಳಿಗಳಿಗೆ 35 ಕಾಳುಗಳು ಬೇಕು. ತುಂಬಲಾಗದ ಗುಳಿಗಳನ್ನು ಆ ಸುತ್ತಿನ ಮಟ್ಟಿಗೆ ಮುಚ್ಚಿದವೆಂದು ಭಾವಿಸಿ ಆಟದಿಂದ ಬಿಡಲಾಗುತ್ತದೆ. ಉದಾಹರಣೆಗೆ ಒಬ್ಬರಿಗೆ 42, ಇನ್ನೊಬ್ಬರಿಗೆ 28 ಬಂದಿದ್ದರೆ, ಗೆದ್ದವರು ಏಳೂ ಗುಳಿಗಳನ್ನು ತುಂಬಿ ಏಳು ಕಾಳುಗಳನ್ನು ಕೈಯಲ್ಲಿ ಉಳಿಸಿಕೊಳ್ಳುತ್ತಾರೆ. ಸೋತವರು ಐದು ಗುಳಿಗಳನ್ನು ಮಾತ್ರ ತುಂಬಿ ಮೂರು ಕಾಳುಗಳನ್ನು ಉಳಿಸಿಕೊಂಡು, ಎರಡು ಗುಳಿಗಳನ್ನು ಮುಚ್ಚಬೇಕಾಗುತ್ತದೆ. ಮಣೆಯಲ್ಲಿ ಈಗ 12 ಗುಳಿಗಳು, 60 ಕಾಳುಗಳು.

ಸೋತವರ ಸಂಕಷ್ಟ ನಿಜವಾಗಿ ಆರಂಭವಾಗುವುದು ಇಲ್ಲಿಂದ. ಗುಳಿ ಕಡಿಮೆಯಾದಷ್ಟೂ ಸರದಿಯಲ್ಲಿ ಆಯ್ಕೆಗಳು ಕಡಿಮೆ. ಆಯ್ಕೆ ಕಡಿಮೆಯಾದಷ್ಟೂ ಗಳಿಕೆ ಕಡಿಮೆಯಾಗುವ ಸಂಭವ ಹೆಚ್ಚು. ಒಮ್ಮೆ ಹಿಂದೆ ಬಿದ್ದವರು ಇನ್ನಷ್ಟು ಹಿಂದೆ ಬೀಳುವ ಈ ಇಳಿಜಾರು ಆಟದ ಅತ್ಯಂತ ಕಠೋರ ಗುಣ. ಅದನ್ನು ತಡೆಯಲು ಮೊದಲ ಸುತ್ತಿನ ಕೊನೆಯ ಸರದಿಗಳಲ್ಲೇ ಎಚ್ಚರ ಬೇಕು.

ಸುತ್ತಿನ ಕೊನೆಯಲ್ಲಿ ಎಲ್ಲ ಕಾಳುಗಳ ಬೆಲೆ ಒಂದೇ ಆಗಿರುವುದಿಲ್ಲ. 34 ಕಾಳುಗಳಿದ್ದವರಿಗೂ 30 ಕಾಳುಗಳಿದ್ದವರಿಗೂ ಮುಂದಿನ ಸುತ್ತಿನಲ್ಲಿ ಆರೇ ಗುಳಿಗಳು. ಆದರೆ 29ಕ್ಕೆ ನಿಂತವರಿಗೆ ಐದು ಮಾತ್ರ. 30ನೆಯ ಕಾಳು ಒಂದು ಇಡೀ ಗುಳಿಯನ್ನು ಉಳಿಸುತ್ತದೆ. 31ರಿಂದ 34ರವರೆಗಿನವು ಕೈಯಲ್ಲಿನ ಉಳಿಕೆಯಷ್ಟೇ. ಆದ್ದರಿಂದ ಮಣೆ ಬರಿದಾಗುತ್ತಾ ಬಂದಾಗ ಹೆಚ್ಚು ಗಳಿಸುವುದಕ್ಕಿಂತ ಐದರ ಮುಂದಿನ ಗುಣಕವನ್ನು ಮುಟ್ಟುವುದನ್ನು ಗುರಿಯಾಗಿಟ್ಟುಕೊಳ್ಳಬೇಕು. 27 ಗಳಿಸಿದವರಿಗೆ ಮೂರು ಕಾಳುಗಳ ಖಚಿತ ಗಳಿಕೆಯು ಅನಿಶ್ಚಿತವಾದ ಆರಕ್ಕಿಂತ ಮೇಲು. ಇದೇ ಲೆಕ್ಕವನ್ನು ಎದುರಾಳಿಯ ಪರವಾಗಿಯೂ ಹಾಕಬೇಕು. ಅವನು 29ರಲ್ಲಿದ್ದಾಗ ಬಿಟ್ಟುಕೊಟ್ಟ ಒಂದು ಕಾಳು 31ರಲ್ಲಿದ್ದಾಗ ಬಿಟ್ಟುಕೊಟ್ಟ ಮೂರಕ್ಕಿಂತ ಹೆಚ್ಚು ನಷ್ಟ ತರುತ್ತದೆ.

ಗುಳಿಗಳು ಮುಚ್ಚಿದ ನಂತರ ಹಳೆಯ ಎಣಿಕೆಗಳನ್ನು ತಿದ್ದಿಕೊಳ್ಳಬೇಕು. ಮುಚ್ಚಿದ ಗುಳಿಗಳನ್ನು ದಾಟಿ ಆಡುವ ಪದ್ಧತಿಯಲ್ಲಿ, 14 ಗುಳಿಗಳಿದ್ದಾಗ 13 ಕಾಳುಗಳು ಮಾಡುತ್ತಿದ್ದ ಪೂರ್ಣ ಸುತ್ತನ್ನು 12 ಗುಳಿಗಳಿರುವಾಗ 11 ಕಾಳುಗಳೇ ಮಾಡುತ್ತವೆ. ಹಿಂದೆ ಬಿದ್ದವರಿಗೆ ಒಂದು ಸಮಾಧಾನವೂ ಇದೆ. 28 ಕಾಳುಗಳಿಂದ ಆರಂಭಿಸಿದವರು ಸುತ್ತಿನ ಕೊನೆಗೆ ಕೇವಲ ಎರಡನ್ನು ಹೆಚ್ಚಿಸಿಕೊಂಡರೂ ಒಂದು ಗುಳಿ ಮರಳಿ ತೆರೆಯುತ್ತದೆ. ಆರನೆಯ ಗುಳಿಗೆ ಮೊದಲು ಗುರಿಯಿಟ್ಟು, ಏಳನೆಯದನ್ನು ನಂತರದ ಸುತ್ತಿಗೆ ಬಿಡುವುದು ವಿವೇಕದ ಮಾರ್ಗ. ಐದು ಕಾಳುಗಳೂ ಉಳಿಯದವರು ಗುಳಿಗೊಂದರಂತೆ ಕಾಳು ಇಟ್ಟು ಆಟ ಮುಂದುವರಿಸುವ ರಿಯಾಯಿತಿ ಕೆಲವು ಕಡೆ ಇದೆ.

ನಂಬಿಕೆಗಳು

ತುಳುನಾಡಿನಲ್ಲಿ ಚೆನ್ನೆಯನ್ನು ಮಳೆಗಾಲದ ಆಟಿ ತಿಂಗಳಲ್ಲಿ ಆಡುವ ರೂಢಿಯಿದೆ. ಅಕ್ಕತಂಗಿಯರು ಎದುರುಬದುರಾಗಿ ಕುಳಿತು ಆಡಬಾರದೆಂಬ ನಂಬಿಕೆಯೂ ಇದೆ. ಇದರ ಹಿನ್ನೆಲೆಯಲ್ಲಿರುವುದು ಸಿರಿ ಪಾಡ್ದನದ ಅವಳಿ ಸೋದರಿಯರಾದ ಅಬ್ಬಗ ಮತ್ತು ದಾರಗರ ಕಥೆ. ಚೆನ್ನೆ ಆಡುವಾಗ ಅವರ ನಡುವೆ ಜಗಳ ಹುಟ್ಟಿ, ಒಬ್ಬಳು ಮಣೆಯಿಂದ ಹೊಡೆದಾಗ ಇನ್ನೊಬ್ಬಳು ಸಾಯುತ್ತಾಳೆ. ಹೊಡೆದವಳೂ ಬಾವಿಗೆ ಹಾರಿ ಪ್ರಾಣ ಬಿಡುತ್ತಾಳೆ. ಒಬ್ಬರ ಗಳಿಕೆ ಇನ್ನೊಬ್ಬರ ನಷ್ಟವೇ ಆಗಿರುವ, ಸೋತವರ ಮನೆಗಳು ಒಂದೊಂದಾಗಿ ಮುಚ್ಚುತ್ತಾ ಹೋಗುವ ಆಟದ ಸುತ್ತ ಇಂತಹ ಕಥೆ ಬೆಳೆದಿರುವುದು ಆಶ್ಚರ್ಯವಲ್ಲ.

ಇತರ ದೇಶಗಳಲ್ಲಿ

ಗುಳಿಗಳಲ್ಲಿ ಕಾಳು ಹಾಕುತ್ತಾ ಸಾಗುವ ಆಟಗಳನ್ನು ವಿದ್ವಾಂಸರು ‘ಮಂಕಲ’ ಎಂಬ ವರ್ಗಕ್ಕೆ ಸೇರಿಸುತ್ತಾರೆ. ಸ್ಥಳಾಂತರಿಸು ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಈ ಹೆಸರು ಬಂದಿದೆ. ಆಂಧ್ರ ಮತ್ತು ತೆಲಂಗಾಣದ ವಾಮನ ಗುಂಟಲು, ಶ್ರೀಲಂಕಾದ ಒಲಿಂದ ಕೆಲಿಯ, ಇಂಡೋನೇಷ್ಯಾದ ಚೊಂಗ್ಕ್ಲಾಕ್, ಪಶ್ಚಿಮ ಆಫ್ರಿಕಾದ ಒವಾರೆ, ಪೂರ್ವ ಆಫ್ರಿಕಾದ ಬಾವೊ ಇದೇ ಕುಟುಂಬದವು. ಈ ಪೈಕಿ ಕೆಲವನ್ನು ಗಣಕಯಂತ್ರದಿಂದ ಪೂರ್ಣವಾಗಿ ವಿಶ್ಲೇಷಿಸಲಾಗಿದೆ. ಒವಾರೆಯ ಒಂದು ರೂಪವಾದ ಅವಾರಿಯನ್ನು 2002ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಜಾನ್ ರೋಮೈನ್ ಮತ್ತು ಹೆನ್ರಿ ಬಾಲ್ ಬಿಡಿಸಿದರು. ಸುಮಾರು 88,900 ಕೋಟಿ ಸ್ಥಿತಿಗಳನ್ನು ಪರಿಶೀಲಿಸಿದ ಆ ಲೆಕ್ಕದ ಪ್ರಕಾರ, ಇಬ್ಬರೂ ತಪ್ಪಿಲ್ಲದೆ ಆಡಿದರೆ 48 ಕಾಳುಗಳು 24ರಂತೆ ಸಮನಾಗಿ ಹಂಚಿಹೋಗುತ್ತವೆ.